ಚೀಲದ ತೂಕ

ಬೆಂಗಳೂರಿನ ಎಸ್.ಪಿ. ರಸ್ತೆ. ಮೊದಲ ಮಹಡಿಯಲ್ಲಿ ಒಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಭಾನುವಾರ ಮಧ್ಯಾಹ್ನ, ಗಿರಾಕಿಗಳಿಲ್ಲ. ಇಪ್ಪತ್ತೆರಡು ವರ್ಷದಿಂದ ಇದೇ ಮೇಜಿನ ಮುಂದೆ ಕೂತು ಕೆಲಸ ಮಾಡುತ್ತಿರುವವರ ಎದುರಿಗೆ ಅವರ ಅಣ್ಣನ ಮಗಳು ಕೂತಿದ್ದಾಳೆ. ಸಾಗರ, ತುಮರಿ ಕಡೆಯ ಹಳ್ಳಿಗಳಲ್ಲಿ ಶರಾವತಿ ಮುಳುಗಡೆಯನ್ನು ಕಂಡ ಹಿರಿಯರ ಮಾತುಗಳನ್ನು ಧ್ವನಿಮುದ್ರಿಸಿ ಬರಹಕ್ಕಿಳಿಸುವುದು ಅವಳ ಕೆಲಸ. ಇಬ್ಬರ ನಡುವೆ, ಗೆಳತಿಯಿಂದ ಎರಡು ದಿನಕ್ಕೆಂದು ಕೇಳಿ ತಂದ ಬೂದುಬಣ್ಣದ ತೆಳ್ಳನೆಯ ಲ್ಯಾಪ್‌ಟಾಪ್.

ಮಗಳು: ಎತ್ತಿ ನೋಡಿ ಚಿಕ್ಕಪ್ಪ. ಒಂದೇ ಕೈಯಲ್ಲಿ.

ಚಿಕ್ಕಪ್ಪ: ಹಗುರ ಇದೆ ಕಣಮ್ಮ. ಎರಡು ಬೆರಳಲ್ಲಿ ಹಿಡಿದರೂ ನಿಲ್ಲತ್ತೆ. ಎಷ್ಟು ತೂಕ ಅಂತಾರೆ?

ಮಗಳು: 890 ಗ್ರಾಂ. ಪರದೆ 13 ಇಂಚು. ಬೆಲೆ 1,38,000 ರೂಪಾಯಿ. ನನಗೆ ಇದೇ ಬೇಕು ಅನ್ನಿಸಿಬಿಟ್ಟಿದೆ. ದುಡ್ಡು ಕೊಡೋ ಮೊದಲು ನಿಮಗೆ ತೋರಿಸೋಣ ಅಂತ ತಂದೆ.

ಚಿಕ್ಕಪ್ಪ: ಒಳ್ಳೇದು ಮಾಡಿದೆ. ಆ ತಕ್ಕಡಿ ಇತ್ತ ತಳ್ಳು, ಪಾರ್ಸೆಲ್ ತೂಗೋಕೆ ಇಟ್ಟಿರೋದು. ಹಾಂ, 904. ಕಂಪನಿ ಹೇಳಿದ್ದಕ್ಕಿಂತ 14 ಗ್ರಾಂ ಜಾಸ್ತಿ, ಅದೇನೂ ದೊಡ್ಡದಲ್ಲ. ಈಗ ಚಾರ್ಜರ್ ಇಡು. 285. ಇದಕ್ಕೆ ಇರೋದು ಎರಡೇ ಪೋರ್ಟು, ಎರಡೂ ಟೈಪ್-ಸಿ. ನಿನ್ನ ರೆಕಾರ್ಡರಿನ ಮೆಮೊರಿ ಕಾರ್ಡು ಎಲ್ಲಿ ಸಿಕ್ಕಿಸ್ತೀಯ?

ಮಗಳು: ಅದಕ್ಕೆ ಒಂದು ಹಬ್ ಇಟ್ಟುಕೊಂಡಿದ್ದೀನಿ.

ಚಿಕ್ಕಪ್ಪ: ಅದನ್ನೂ ಇಡು. 75. ಈ ತೆಳ್ಳನೆ ಮೈಗೆ ಪೆಟ್ಟಾಗಬಾರದು ಅಂತ ಕವರ್ ಬೇರೆ ಹಾಕಿದ್ದೀಯ, ಅದು 210. ಒಟ್ಟು 1,474 ಗ್ರಾಂ. ನೀನು ಹೊರೋದು ಇದನ್ನು, 890 ಅಲ್ಲ. ತೂಕ ಕೇಳೋರು ಯಾವಾಗಲೂ ಚೀಲದ ತೂಕ ಕೇಳಬೇಕು.

ಮಗಳು: ಆದರೂ ನನ್ನ ಹಳೇದಕ್ಕಿಂತ ಎಷ್ಟೋ ವಾಸಿ. ಅದು ಚಾರ್ಜರ್ ಸೇರಿ ಎರಡೂವರೆ ಕಿಲೋ ದಾಟತ್ತೆ.

ಚಿಕ್ಕಪ್ಪ: ವಾಸಿನೇ, ಇಲ್ಲ ಅನ್ನಲ್ಲ. ಆದರೆ ನಿನ್ನ ಕೆಲಸವನ್ನೆಲ್ಲ ಮಾಡೋ ಒಂದೂವರೆ ಕಿಲೋದ ಲ್ಯಾಪ್‌ಟಾಪ್ ಇದರ ಅರ್ಧ ಬೆಲೆಗೆ ಸಿಗತ್ತೆ. ಮಿಕ್ಕ ಅರ್ಧ ದುಡ್ಡು ಯಾವುದಕ್ಕೆ ಹೋಗ್ತಿದೆ ಅಂತ ತಿಳಿದುಕೊಂಡು ಕೊಡು.

ಮಗಳು: ಹಗುರ ಮಾಡೋದು ಅಷ್ಟು ದುಬಾರಿ ಕೆಲಸವಾ? ಸಾಮಾನು ಕಡಿಮೆ ಹಾಕಿದರೆ ಬೆಲೆಯೂ ಕಡಿಮೆ ಆಗಬೇಕಲ್ಲ?

ಚಿಕ್ಕಪ್ಪ: ಹಗುರ ಅನ್ನೋದಷ್ಟೇ ದುಬಾರಿ ಅಲ್ಲ. 2007ರ ಕೊನೆಗೆ ತೈವಾನಿನ ಏಸಸ್ ಕಂಪನಿ ‘ಈ ಪಿಸಿ’ ಅಂತ ಒಂದು ಚಿಕ್ಕ ಲ್ಯಾಪ್‌ಟಾಪ್ ತಂತು. 920 ಗ್ರಾಂ ಅಷ್ಟೇ. ಬೆಲೆ ಅಮೆರಿಕದಲ್ಲಿ 400 ಡಾಲರ್ ಸುಮಾರು. ಆದರೆ ಪರದೆ 7 ಇಂಚು, ಬೆರಳು ಒತ್ತೊತ್ತಾಗಿ ಇಡಬೇಕಾದ ಕೀಲಿಗಳು, ಕಡತ ಇಡೋಕೆ 4 ಜಿಬಿ ಜಾಗ. ಎಲ್ಲವನ್ನೂ ಚಿಕ್ಕದು ಮಾಡಿದರೆ ಹಗುರ ತಾನಾಗಿ ಬರತ್ತೆ, ಅಗ್ಗವಾಗೂ ಬರತ್ತೆ. ಪರದೆ ದೊಡ್ಡದಾಗೇ ಇರಬೇಕು, ಕೀಲಿಮಣೆ ಪೂರ್ತಿ ಅಳತೆದಿರಬೇಕು, ತೂಕ ಮಾತ್ರ ಇಳಿಯಬೇಕು ಅಂದಾಗ ದುಡ್ಡು ಬೀಳತ್ತೆ. ಈ ಮೈ ಮುಟ್ಟು. ಲೋಹದ ಥರ ತಣ್ಣಗಿದೆ, ಆದರೆ ಅಲ್ಯೂಮಿನಿಯಂ ಅಲ್ಲ, ಮೆಗ್ನೀಷಿಯಂ ಮಿಶ್ರಲೋಹ. ಅಲ್ಯೂಮಿನಿಯಂ ಒಂದು ಘನ ಸೆಂಟಿಮೀಟರಿಗೆ 2.7 ಗ್ರಾಂ ತೂಗಿದರೆ ಮೆಗ್ನೀಷಿಯಂ 1.74. ಮೂರನೇ ಒಂದು ಪಾಲು ಹಗುರ. ಅದನ್ನು ಎರಕ ಹೊಯ್ದು, ತೆಳ್ಳಗೆ ಮಾಡಿ, ತುಕ್ಕು ಹಿಡಿಯದ ಹಾಗೆ ಮೇಲೊಂದು ಲೇಪ ಕೊಡಬೇಕು. ಲೇಪ ಕೆರೆದುಹೋದ ಜಾಗದಲ್ಲಿ ಬೆವರಿಗೆ ಅದು ಬಿಳಿಚಿಕೊಳ್ಳತ್ತೆ. ಆ ಥರದವು ನನ್ನ ಮೇಜಿಗೆ ಬಂದಿವೆ.

ಮಗಳು: ಹಗುರದ ಲ್ಯಾಪ್‌ಟಾಪ್ ಅಂದ ಕೂಡಲೇ ಎಲ್ಲರೂ ಆಪಲ್‌ನವರ ಲಕೋಟೆ ಕಥೆ ಹೇಳ್ತಾರೆ.

ಚಿಕ್ಕಪ್ಪ: ಹೇಳಲೇಬೇಕಾದ ಕಥೆ ಅದು. 2008ರ ಜನವರಿ 15, ಸ್ಯಾನ್ ಫ್ರಾನ್ಸಿಸ್ಕೋ. ಸ್ಟೀವ್ ಜಾಬ್ಸ್ ವೇದಿಕೆ ಮೇಲೆ, ಕಚೇರಿಯಲ್ಲಿ ಕಾಗದ ಕಳಿಸೋ ಲಕೋಟೆಯೊಳಗಿಂದ ಮೊದಲ ಮ್ಯಾಕ್‌ಬುಕ್ ಏರ್ ಹೊರಗೆ ತೆಗೆದರು. 1.36 ಕಿಲೋ. ಅಂಚಿನಲ್ಲಿ 4 ಮಿಲಿಮೀಟರ್, ಅತಿ ದಪ್ಪ ಇರೋ ಕಡೆ 19.4. ಅದಕ್ಕೋಸ್ಕರ ಇಂಟೆಲ್ ಕಂಪನಿ ಪ್ರೊಸೆಸರಿನ ಹೊದಿಕೆಯನ್ನೇ ಶೇಕಡಾ 60ರಷ್ಟು ಕುಗ್ಗಿಸಿಕೊಟ್ಟಿತ್ತು. ಕೆಲಸಗಾರಿಕೆ ಅಂದರೆ ಅದು, ನಾನು ಈಗಲೂ ಕೈಮುಗೀತೀನಿ. ಆದರೆ ಕೊಂಡವರಿಗೆ ಏನು ಸಿಕ್ಕಿತು ನೋಡು. ಬೆಲೆ 1,799 ಡಾಲರ್. ಒಳಗೆ ಐಪಾಡ್‌ನಲ್ಲಿ ಹಾಕೋ ಅಳತೆಯ 1.8 ಇಂಚಿನ 80 ಜಿಬಿ ಹಾರ್ಡ್ ಡಿಸ್ಕು, ನಿಮಿಷಕ್ಕೆ 4,200 ಸುತ್ತು. ಬಹಳ ನಿಧಾನ. ಅದರ ಬದಲು 64 ಜಿಬಿಯ ಎಸ್‌ಎಸ್‌ಡಿ ಬೇಕು ಅಂದರೆ ಇನ್ನೂ 999 ಡಾಲರ್. ರ‍್ಯಾಮ್ 2 ಜಿಬಿ, ಬೋರ್ಡಿಗೇ ಬೆಸುಗೆ. ಯುಎಸ್‌ಬಿ ಒಂದೇ ಒಂದು. ಸಿಡಿ ಡ್ರೈವ್ ಇಲ್ಲ, ನೆಟ್‌ವರ್ಕ್ ಕೇಬಲ್ ಸಿಕ್ಕಿಸೋಕೆ ಜಾಗ ಇಲ್ಲ.

ಮಗಳು: ಹಾಗಾದರೆ ಅದು ಸೋತ ಯಂತ್ರವಾ?

ಚಿಕ್ಕಪ್ಪ: ಸೋತದ್ದಲ್ಲ, ಅವಸರದಲ್ಲಿ ಬಂದದ್ದು. 2010ರ ಅಕ್ಟೋಬರಿನಲ್ಲಿ ಅದನ್ನೇ ಮತ್ತೆ ಮಾಡಿದರು. ಹಾರ್ಡ್ ಡಿಸ್ಕ್ ಕಿತ್ತುಹಾಕಿ ಎಲ್ಲಕ್ಕೂ ಎಸ್‌ಎಸ್‌ಡಿ ಕೊಟ್ಟರು. 11 ಇಂಚಿನದು 1.06 ಕಿಲೋ, ಬೆಲೆ 999 ಡಾಲರ್. ಮೂರು ವರ್ಷ ತುಂಬೋದರೊಳಗೆ ಹೆಚ್ಚುಕಡಿಮೆ ಅರ್ಧ ಬೆಲೆಗೆ, ಅದಕ್ಕಿಂತ ಹಗುರದ್ದು, ಅದಕ್ಕಿಂತ ಚುರುಕಾದದ್ದು. 2011ರಲ್ಲಿ ಇಂಟೆಲ್ ಅಲ್ಟ್ರಾಬುಕ್ ಅಂತ ಹೆಸರಿಟ್ಟು ಮಿಕ್ಕ ಕಂಪನಿಗಳನ್ನೂ ಆ ದಾರಿಗೆ ತಂತು. ಹೊಸ ಥರದ ಹಗುರ ಬಂದಾಗ ಮೊದಲ ವರ್ಷ ಕೊಳ್ಳೋರು ಕಂಪನಿಯ ಕಲಿಕೆಗೂ ಸೇರಿಸಿ ದುಡ್ಡು ಕೊಡ್ತಾರೆ. ನಿನ್ನ ಸಂಬಳದಲ್ಲಿ ಅದು ಬೇಡ.

ಮಗಳು: ಇದು ಮೊದಲನೇದಲ್ಲ, ಮೂರನೇ ಮಾದರಿಯಂತೆ.

ಚಿಕ್ಕಪ್ಪ: ಹಾಗಿದ್ದರೆ ಸರಿ. ಈಗ ಕೀಲಿಮಣೆ ನೋಡೋಣ. ಒಂದು ಪುಟ ಹೊಡಿ, ನಾನು ನೋಡ್ತೀನಿ. ನೀನು ಹೊಡೆಯೋದು ನುಡಿ ವಿನ್ಯಾಸದಲ್ಲಿ ತಾನೆ?

ಮಗಳು: ಹೂಂ, ಕೆ.ಪಿ. ರಾವ್ ಅವರ ವಿನ್ಯಾಸ. ಬೆರಳಿಗೆ ಅದೇ ಕೂತಿದೆ.

ಚಿಕ್ಕಪ್ಪ: ಅದರಲ್ಲಿ ‘ಅಜ್ಜಿ’ ಅಂತ ಬರೆಯೋಕೆ ಎಷ್ಟು ಸಲ ಒತ್ತಬೇಕು ಹೇಳು.

ಮಗಳು: ಎ, ಜೆ, ಎಫ್, ಜೆ, ಐ. ಐದು.

ಚಿಕ್ಕಪ್ಪ: ಎರಡು ಅಕ್ಷರಕ್ಕೆ ಐದು ಒತ್ತು. ಒತ್ತಕ್ಷರ ಬಂದಾಗಲೆಲ್ಲ ಆ ಎಫ್ ಕೀಲಿಗೆ ಪೆಟ್ಟು. ಕನ್ನಡ ಬರೆಯೋರ ಹಳೇ ಕೀಲಿಮಣೆ ಬಿಚ್ಚಿದರೆ ನಾನು ಮೊದಲು ನೋಡೋದು ಎಫ್ ಕೀಲಿಯನ್ನೇ, ಅದರ ಮೇಲಿನ ಅಕ್ಷರ ಅಳಿಸಿಹೋಗಿರತ್ತೆ. ದಿನಕ್ಕೆ ನಾಲ್ಕು ಗಂಟೆ ಬರಹಕ್ಕಿಳಿಸೋ ನಿನಗೆ ಕೀಲಿ ಎಷ್ಟು ಕೆಳಗಿಳಿಯತ್ತೆ ಅನ್ನೋದು ತೂಕದಷ್ಟೇ ಮುಖ್ಯ. ಕಂಪನಿಗಳು ಮೈ ತೆಳ್ಳಗೆ ಮಾಡೋಕೆ ಹೊರಟಾಗ ಮೊದಲು ಕತ್ತರಿ ಹಾಕೋದು ಅಲ್ಲಿಗೇ. 2015ರಲ್ಲಿ ಆಪಲ್ 12 ಇಂಚಿನ ಮ್ಯಾಕ್‌ಬುಕ್ ತಂತಲ್ಲ, 920 ಗ್ರಾಂ, 13.1 ಮಿಲಿಮೀಟರ್ ದಪ್ಪ, ಫ್ಯಾನೇ ಇಲ್ಲ. ನೋಡೋಕೆ ಅಷ್ಟು ಚೆಂದದ ಯಂತ್ರ ನಾನು ಕಂಡಿಲ್ಲ. ಕೀಲಿಗಳ ಕೆಳಗೆ ಚಿಟ್ಟೆಯ ರೆಕ್ಕೆ ಥರದ ಹೊಸ ಜೋಡಣೆ. ಕೀಲಿ ಇಳಿಯೋದು ಅರ್ಧ ಮಿಲಿಮೀಟರ್ ಸುಮಾರು. ಅದರೊಳಗೆ ಒಂದು ಧೂಳಿನ ಕಣ ಸೇರಿದರೆ ಕೀಲಿ ಏಳೋದಿಲ್ಲ, ಇಲ್ಲಾ ಒಂದು ಅಕ್ಷರ ಎರಡು ಸಲ ಬೀಳತ್ತೆ. ಒಂದು ಕೀಲಿ ಕೆಟ್ಟರೆ ಮೇಲಿನ ಇಡೀ ತಟ್ಟೆ ಬದಲಾಯಿಸಬೇಕು, ಅದಕ್ಕೆ ಬ್ಯಾಟರಿ ಬೇರೆ ಅಂಟಿಸಿರತ್ತೆ. 2018ರಲ್ಲಿ ಕಂಪನಿಯೇ ಪುಕ್ಕಟೆ ರಿಪೇರಿ ಯೋಜನೆ ತೆರೀಬೇಕಾಯಿತು. 2019ರಲ್ಲಿ ಆ 12 ಇಂಚಿನ ಮಾದರಿಯನ್ನೇ ನಿಲ್ಲಿಸಿದರು. ಆ ಕೀಲಿಮಣೆಯ ಮೇಲೆ ಅಮೆರಿಕದಲ್ಲಿ ಬಳಕೆದಾರರು ಹೂಡಿದ ಮೊಕದ್ದಮೆಗೆ 2022ರಲ್ಲಿ 5 ಕೋಟಿ ಡಾಲರಿನ ರಾಜಿ ಆಯಿತು. ಒಂದು ಮಿಲಿಮೀಟರ್ ಉಳಿಸೋಕೆ ಹೋಗಿ ಆದದ್ದು ಇದು.

ಮಗಳು: ಇದರದ್ದು ಹೇಗಿದೆ? ನನಗೇನೋ ಪರವಾಗಿಲ್ಲ ಅನ್ನಿಸ್ತು. ಕಡೇ ಸಾಲಿಗೆ ಬರೋ ಹೊತ್ತಿಗೆ ಬೆರಳ ತುದಿ ಸ್ವಲ್ಪ ನೊಂದಿತು.

ಚಿಕ್ಕಪ್ಪ: ಬೆರಳು ಹೇಳಿದ್ದನ್ನು ಕೇಳು. ಕೀಲಿ ತಳ ಮುಟ್ಟಿದ ಮೇಲೂ ನೀನು ಒತ್ತುತ್ತಿದ್ದೀಯ, ಅದಕ್ಕೆ ನೋವು. ಮತ್ತೆ ನೋಡು, ನಡು ಸಾಲಿನಲ್ಲಿ ಒತ್ತಿದಾಗ ಇಡೀ ತಟ್ಟೆ ಬಗ್ಗುತ್ತಿದೆ. ಹಗುರ ಮಾಡೋಕೆ ಒಳಗಿನ ಆಸರೆ ಪಟ್ಟಿಗಳನ್ನು ತೆಗೆದಿರ್ತಾರೆ. ಅಂಗಡಿಯಲ್ಲಿ ನಿಂತು ನಾಲ್ಕು ಅಕ್ಷರ ಹೊಡೆದರೆ ಇದು ತಿಳಿಯೋದಿಲ್ಲ. ಕೂತು ಒಂದು ಪುಟ ಹೊಡೀಬೇಕು.

ಮಗಳು: ಚಿಕ್ಕಪ್ಪ, ಒಂದು ಮಾತು. ಬಂದಾಗಿನಿಂದ ನೀವು ಇದರ ಕುಂದುಗಳನ್ನೇ ಹೇಳ್ತಿದ್ದೀರಿ. ನೀವು ಮೇಜಿನ ಮುಂದೆ ಕೂತು ಕೆಲಸ ಮಾಡೋರು. ನಿಮ್ಮ ಮೇಜಿನ ಮೇಲೆ ಮೂರು ಕಿಲೋದ್ದಾದರೂ ಒಂದೇ, ಒಂದು ಕಿಲೋದ್ದಾದರೂ ಒಂದೇ. ನಾನು ಬಸ್ಸಿಳಿದು ನಾಲ್ಕು ಕಿಲೋಮೀಟರ್ ನಡೀತೀನಿ. ಹೆಗಲಿಗೆ ರೆಕಾರ್ಡರ್, ಮೈಕು, ನೀರು, ಕೊಡೆ, ಬದಲಿ ಬಟ್ಟೆ. ಅದರ ಮೇಲೆ ಎರಡೂವರೆ ಕಿಲೋ. ಕಳೆದ ವರ್ಷದಿಂದ ಏನು ಮಾಡ್ತಿದ್ದೀನಿ ಗೊತ್ತಾ? ಲ್ಯಾಪ್‌ಟಾಪನ್ನು ಸಾಗರದ ರೂಮಲ್ಲೇ ಬಿಟ್ಟು ಹೋಗ್ತೀನಿ.

ಚಿಕ್ಕಪ್ಪ: ಬಿಟ್ಟು ಹೋದರೆ ನಷ್ಟ ಏನು? ರೆಕಾರ್ಡು ಮಾಡಿಕೊಂಡು ಬಂದು ರಾತ್ರಿ ಬರೆಯಬಹುದಲ್ಲ.

ಮಗಳು: ನಷ್ಟ ಇದೆ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಮದುವೆಯಾಗಿ ಬಂದ ಹೊಸತರಲ್ಲಿ ಊರು ಬಿಟ್ಟವರಿಗೆ ಈಗ ಎಂಬತ್ತು ದಾಟಿದೆ. ಅವರು ಮುಳುಗಿದ ಗದ್ದೆಯ ಹೆಸರು ಹೇಳ್ತಾರೆ, ಹಳ್ಳದ ಹೆಸರು, ಭತ್ತದ ತಳಿಯ ಹೆಸರು. ರೂಮಿಗೆ ಬಂದು ಕೇಳಿದರೆ ಆ ಹೆಸರು ‘ಳ’ನೋ ‘ಲ’ನೋ, ಎರಡು ಪದವೋ ಒಂದೋ ತಿಳಿಯಲ್ಲ. ನನ್ನ ಜೊತೆ ಲ್ಯಾಪ್‌ಟಾಪ್ ಇದ್ದ ದಿನ ಅಲ್ಲೇ ಜಗಲಿ ಮೇಲೆ ಕೂತು ಬರೆದು ಓದಿ ಹೇಳ್ತೀನಿ. ಒಬ್ಬ ಅಜ್ಜಿ ಹಾಗೆ ಓದಿದಾಗ ನನ್ನನ್ನು ಹನ್ನೊಂದು ಕಡೆ ತಿದ್ದಿದರು. ತಿದ್ದುತ್ತಾ ತಿದ್ದುತ್ತಾ, ಮೊದಲ ಸಲ ಹೇಳದೇ ಬಿಟ್ಟ ಒಂದು ಮಾತು ನೆನಪು ಮಾಡಿಕೊಂಡರು. ಅವರ ಮನೆಯ ಬಾಗಿಲುವಾಡವನ್ನು ಕಿತ್ತು ಗಾಡಿಯಲ್ಲಿ ಹೇರಿ ತಂದದ್ದು. ಆ ಬಾಗಿಲುವಾಡ ನಾನು ಕೂತಿದ್ದ ಮನೆಯದೇ ಆಗಿತ್ತು. ಮತ್ತೊಂದು ಸಲ ಹೋಗೋಷ್ಟರಲ್ಲಿ ಆ ಅಜ್ಜಿ ಇರಲಿಲ್ಲ. ಯಂತ್ರ ಅಲ್ಲಿವರೆಗೆ ಬರೋದಾದರೆ ಮಾತ್ರ ಅದು ನನ್ನ ಕೆಲಸಕ್ಕೆ ಯಂತ್ರ.

ಚಿಕ್ಕಪ್ಪ: ಇದನ್ನು ನೀನು ಮೊದಲೇ ಹೇಳಬೇಕಿತ್ತು.

ಮಗಳು: ನೀವು ಕೇಳಲಿಲ್ಲ.

ಚಿಕ್ಕಪ್ಪ: ಹೌದು, ಕೇಳಬೇಕಿತ್ತು. ಸರಿ, ಇನ್ನು ಅರ್ಧ ಬೆಲೆಯದ್ದು ಕೊಳ್ಳು ಅಂತ ನಾನು ಹೇಳೋದಿಲ್ಲ. ಹೆಚ್ಚಿನ ತೂಕ ನಿನ್ನ ಕೆಲಸವನ್ನೇ ಮನೆಯಲ್ಲಿ ಬಿಡಿಸತ್ತೆ ಅಂದರೆ ಹಗುರಕ್ಕೆ ದುಡ್ಡು ಕೊಡೋದು ನ್ಯಾಯ. ಆದರೆ ನೀನು ಹೇಳಿದ್ದರಿಂದ ಇನ್ನೂ ಎರಡು ಪ್ರಶ್ನೆ ಎದ್ದವು. ಆ ಜಗಲಿಯಲ್ಲಿ ಕರೆಂಟ್ ಇರತ್ತಾ?

ಮಗಳು: ಮಳೆಗಾಲದಲ್ಲಿ ಮರ ಬಿದ್ದರೆ ಎರಡು ದಿನ ಇರಲ್ಲ.

ಚಿಕ್ಕಪ್ಪ: ಹಾಗಾದರೆ ಬ್ಯಾಟರಿ ನೋಡು. ಇದರ ತಳದಲ್ಲಿ ಬರೆದಿದೆ, 38 ವ್ಯಾಟ್-ಅವರ್. ನಿನ್ನ ಥರ ಬರವಣಿಗೆ, ಆಡಿಯೋ, ಪರದೆ ಬೆಳಕು ಜಾಸ್ತಿ ಅಂದರೆ ಗಂಟೆಗೆ 6 ವ್ಯಾಟ್-ಅವರ್ ಆದರೂ ಎಳೆಯತ್ತೆ. ಆರು ಗಂಟೆ ಚಿಲ್ಲರೆ ಬಂತು, ಅದೂ ಹೊಸದಿದ್ದಾಗ. ಎರಡು ವರ್ಷ ಆದ ಮೇಲೆ ಐದು. ಹಗುರದ ಲ್ಯಾಪ್‌ಟಾಪಿನಲ್ಲಿ ತೂಕ ಇಳಿಸೋಕೆ ಎಲ್ಲಕ್ಕಿಂತ ಸುಲಭದ ದಾರಿ ಬ್ಯಾಟರಿ ಚಿಕ್ಕದು ಮಾಡೋದು. ಒಂದು ಕಿಲೋ ಲ್ಯಾಪ್‌ಟಾಪಿನಲ್ಲಿ ಬ್ಯಾಟರಿಯೇ ಕಾಲು ಪಾಲು ತೂಗಬಹುದು. ಜಪಾನಿನ ಫುಜಿತ್ಸು 13.3 ಇಂಚಿನ ಪರದೆ ಇಟ್ಟು 634 ಗ್ರಾಂಗೆ ಇಳಿಸಿತು, ಅದರಲ್ಲೂ ಬ್ಯಾಟರಿ ಚಿಕ್ಕದೇ. ಹಾಗಂತ ಹಗುರ ಅಂದರೆ ಬ್ಯಾಟರಿ ಚಿಕ್ಕದಾಗಲೇಬೇಕು ಅಂತಿಲ್ಲ. ಎಲ್‌ಜಿ ಕಂಪನಿಯ ‘ಗ್ರಾಂ’ ಸಾಲಿನಲ್ಲಿ 2019ರಲ್ಲಿ 17 ಇಂಚಿನದು ಬಂತು, 1.34 ಕಿಲೋ, ಬ್ಯಾಟರಿ 72 ವ್ಯಾಟ್-ಅವರ್. ಅಷ್ಟು ದೊಡ್ಡ ಪರದೆ ನಿನಗೆ ಬೇಡ, ಆದರೆ ಮಾಡೋ ಮನಸ್ಸಿದ್ದರೆ ಆಗತ್ತೆ ಅನ್ನೋದಕ್ಕೆ ಹೇಳಿದೆ. ನಿನಗೆ 50ಕ್ಕಿಂತ ಕಡಿಮೆ ಬೇಡ.

ಮಗಳು: ಪವರ್ ಬ್ಯಾಂಕ್ ಇಟ್ಟುಕೊಂಡರೆ?

ಚಿಕ್ಕಪ್ಪ: ಇಟ್ಟುಕೋ. ಟೈಪ್-ಸಿಯಲ್ಲಿ ಚಾರ್ಜ್ ಆಗೋದೇ ಇವುಗಳ ದೊಡ್ಡ ಗುಣ. ಆದರೆ 20,000 ಎಂಎಎಚ್ ಅಂದರೆ 74 ವ್ಯಾಟ್-ಅವರ್, ತೂಕ 400 ಗ್ರಾಂ ಹತ್ತಿರ ಬರತ್ತೆ. ಅದೂ ಚೀಲದ ಲೆಕ್ಕಕ್ಕೆ ಸೇರತ್ತೆ. ಒಳಗಿನ ಬ್ಯಾಟರಿಗೆ ಇನ್ನೊಂದು ಎಂಬತ್ತು ಗ್ರಾಂ ಜಾಸ್ತಿ ಇದ್ದಿದ್ದರೆ ಸಾಮಾನ್ಯ ದಿನಗಳಲ್ಲಿ ಪವರ್ ಬ್ಯಾಂಕ್ ರೂಮಲ್ಲೇ ಇರುತ್ತಿತ್ತು.

ಮಗಳು: ಎರಡನೇ ಪ್ರಶ್ನೆ?

ಚಿಕ್ಕಪ್ಪ: ನಾಲ್ಕನೇ ವರ್ಷದ್ದು. ಆ ಕಪಾಟಿನಲ್ಲಿ ನೀಲಿ ಚೀಟಿ ಅಂಟಿಸಿರೋ ಲ್ಯಾಪ್‌ಟಾಪ್ ನೋಡು. ಇದಕ್ಕಿಂತ ದುಬಾರಿದು. ಕಾಲೇಜಿನಲ್ಲಿ ಪಾಠ ಮಾಡೋ ಒಬ್ಬರದು. ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ ಆಗ್ತಿಲ್ಲ ಅಂತ ತಂದರು. ಟಚ್‌ಪ್ಯಾಡಿಗೆ ಏನೂ ಆಗಿರಲಿಲ್ಲ. ಕೆಳಗೆ ಬ್ಯಾಟರಿ ಊದಿಕೊಂಡು ಅದನ್ನು ಮೇಲಕ್ಕೆತ್ತಿತ್ತು. ಅಂಟು ಹಾಕಿ ಕೂರಿಸಿದ ಬ್ಯಾಟರಿ, ಊದಿದ ಮೇಲೆ ಕೀಳೋದೇ ಅಪಾಯ. ತೂತು ಬಿದ್ದರೆ ಬೆಂಕಿ. ಎರಡು ಗಂಟೆ ಹಿಡಿದು, ಅಂಟು ಕರಗಿಸಿ, ಪ್ಲಾಸ್ಟಿಕ್ ಪಟ್ಟಿ ತೂರಿಸಿ ತೆಗೆದೆ. ಹೊಸ ಬ್ಯಾಟರಿಗೆ ಕಂಪನಿಯ ಕೇಂದ್ರದಲ್ಲಿ ಕೇಳಿದರೆ ಆ ಮಾದರಿಗೆ ಬಿಡಿಭಾಗ ನಿಲ್ಲಿಸಿದ್ದೀವಿ ಅಂದರು. ಪ್ರೊಸೆಸರ್ ಚೆನ್ನಾಗಿದೆ, ಪರದೆ ಚೆನ್ನಾಗಿದೆ, ನಾಲ್ಕೇ ವರ್ಷದ ಯಂತ್ರ. ಆರು ವಾರದಿಂದ ಕಪಾಟಿನಲ್ಲಿದೆ. ನನಗೆ ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯತ್ತೆ ಕಣಮ್ಮ. ಆ ಮೇಷ್ಟ್ರು ಸಾಲ ಮಾಡಿ ಕೊಂಡಿದ್ದರು.

ಮಗಳು: ಇದರದ್ದೂ ಅಂಟಿಸಿರೋದೇನಾ?

ಚಿಕ್ಕಪ್ಪ: ಗೆಳತಿ ವಸ್ತು, ಬಿಚ್ಚೋದು ಬೇಡ. ಕಂಪನಿಯ ಸರ್ವಿಸ್ ಕೈಪಿಡಿ ಇಂಟರ್‌ನೆಟ್ಟಿನಲ್ಲಿ ಇರತ್ತೆ, ಈ ಪರದೆಯಲ್ಲಿ ತೆರೆದಿದ್ದೀನಿ ನೋಡು. ಹಿಂಭಾಗಕ್ಕೆ ಎಂಟು ಸ್ಕ್ರೂ ಕಾಣತ್ತೆ, ಇನ್ನೆರಡು ರಬ್ಬರ್ ಕಾಲಿನ ಕೆಳಗೆ ಅಡಗಿವೆ. ರಬ್ಬರ್ ಒಮ್ಮೆ ಕಿತ್ತರೆ ಮತ್ತೆ ಸರಿಯಾಗಿ ಕೂರಲ್ಲ. ಬ್ಯಾಟರಿ ಇಲ್ಲಿದೆ, ಅಂಟು. ಎಸ್‌ಎಸ್‌ಡಿ ಬೇರೆಯಾಗಿ ಇಲ್ಲವೇ ಇಲ್ಲ, ಬೋರ್ಡಿನ ಮೇಲೇ ಚಿಪ್ಪುಗಳು. ಬೋರ್ಡು ಸತ್ತ ದಿನ ನಿನ್ನ ಅಜ್ಜಿಯರ ಮಾತುಗಳೂ ಅದರ ಜೊತೆಗೆ ಹೋದವು. ಎಸ್‌ಎಸ್‌ಡಿ ಬೇರೆ ಇದ್ದರೆ ಬಿಚ್ಚಿ ಇನ್ನೊಂದಕ್ಕೆ ಹಾಕಿ ಎಲ್ಲವನ್ನೂ ಎತ್ತಿಕೊಡ್ತಿದ್ದೆ.

ಮಗಳು: ರ‍್ಯಾಮ್ ಬೆಸುಗೆ ಹಾಕೋದೂ ಅದೇ ಥರದ ಮೋಸವಾ?

ಚಿಕ್ಕಪ್ಪ: ಅಲ್ಲ, ಅಲ್ಲಿ ಕಾರಣ ಇದೆ. ಕಡಿಮೆ ವಿದ್ಯುತ್ತಿನಲ್ಲಿ ಓಡೋ ರ‍್ಯಾಮ್ ಚಿಪ್ಪುಗಳನ್ನು ಪ್ರೊಸೆಸರಿನ ತೀರಾ ಪಕ್ಕದಲ್ಲಿ ಇಡಬೇಕು, ನಡುವಿನ ದಾರಿ ಉದ್ದವಾದಷ್ಟೂ ವೇಗ ಕೆಡತ್ತೆ. ಬ್ಯಾಟರಿ ಹೆಚ್ಚು ಹೊತ್ತು ಬರೋದರಲ್ಲಿ ಅದರ ಪಾಲೂ ಇದೆ. ಅದನ್ನು ಒಪ್ಪಿಕೋ, ಕೊಳ್ಳುವಾಗಲೇ 16 ಜಿಬಿ ತಗೋ, ಆಮೇಲೆ ಹೆಚ್ಚಿಸೋಕಾಗಲ್ಲ. ಆದರೆ ಬ್ಯಾಟರಿಗೆ ಅಂಟು ಯಾಕೆ? ಆರು ಸ್ಕ್ರೂ ಸೇರಿ ಎರಡು ಗ್ರಾಂ ತೂಗಲ್ಲ. 2021ರಲ್ಲಿ ಅಮೆರಿಕದ ಫ್ರೇಮ್‌ವರ್ಕ್ ಅನ್ನೋ ಹೊಸ ಕಂಪನಿ 1.3 ಕಿಲೋದ ಲ್ಯಾಪ್‌ಟಾಪ್ ತಂತು. ಬ್ಯಾಟರಿ, ರ‍್ಯಾಮ್, ಎಸ್‌ಎಸ್‌ಡಿ, ಕೀಲಿಮಣೆ, ಪೋರ್ಟುಗಳು, ಎಲ್ಲವನ್ನೂ ಕೊಂಡವರೇ ಸ್ಕ್ರೂಡ್ರೈವರ್ ಹಿಡಿದು ಬದಲಾಯಿಸಬಹುದು. ಫ್ರಾನ್ಸ್ ದೇಶದಲ್ಲಿ ಅದೇ ವರ್ಷದಿಂದ ಲ್ಯಾಪ್‌ಟಾಪ್ ಮಾರೋರು ರಿಪೇರಿಗೆ ಎಷ್ಟು ಸುಲಭ ಅಂತ 10ಕ್ಕೆ ಅಂಕ ಬರೆದು ತೋರಿಸಲೇಬೇಕು. ನಮ್ಮ ಸರ್ಕಾರವೂ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಕೊನೆಗೆ ಒಂದು ಪೋರ್ಟಲ್ ತೆರೆಯಿತು. ಆದರೆ ಅಂಗಡಿಯ ಬೆಲೆ ಚೀಟಿ ಪಕ್ಕದಲ್ಲಿ ಅಂಕ ಕಾಣೋ ದಿನ ಇಲ್ಲಿಗೆ ಇನ್ನೂ ಬಂದಿಲ್ಲ. ಬರಬೇಕು.

ಮಗಳು: ಪರದೆ ಬಗ್ಗೆ ನೀವೇನೂ ಹೇಳಲಿಲ್ಲ.

ಚಿಕ್ಕಪ್ಪ: ಪರದೆ ಇದರಲ್ಲಿ ಬಹಳ ಚೆನ್ನಾಗಿದೆ. ಎತ್ತರ ಜಾಸ್ತಿ ಇರೋದರಿಂದ ಸಾಲುಗಳು ಹೆಚ್ಚು ಕಾಣ್ತವೆ. ಅಕ್ಷರ ಚಿಕ್ಕದು ಮಾಡಿದರೂ ‘ಸ್ತ್ರೀ’ ಕೆಳಗಿನ ಒತ್ತು ಕಲಸಿಹೋಗಿಲ್ಲ. ಜಗಲಿ ಬೆಳಕಿಗೂ ಸಾಕು. ಅದಕ್ಕೆ ಪೂರ್ತಿ ಅಂಕ.

ಮಗಳು: ಹಾಗಾದರೆ ನಿಮ್ಮ ತೀರ್ಮಾನ?

ಚಿಕ್ಕಪ್ಪ: ಇದನ್ನು ಕೊಳ್ಳಬೇಡ. ದುಬಾರಿ ಅಂತ ಅಲ್ಲ, ಅಂಟಿಸಿದ ಬ್ಯಾಟರಿಗೂ ಬೆಸುಗೆ ಹಾಕಿದ ಎಸ್‌ಎಸ್‌ಡಿಗೂ ಬೇಡ. ಈ ಎರಡನೇ ಕೈಪಿಡಿ ನೋಡು. ಬೇರೆ ಕಂಪನಿದು, ಇದೂ 13 ಇಂಚು, 1,150 ಗ್ರಾಂ, ಬೆಲೆ 1,04,000. ಬ್ಯಾಟರಿ 54 ವ್ಯಾಟ್-ಅವರ್, ಐದು ಸ್ಕ್ರೂ ಬಿಚ್ಚಿದರೆ ಕೈಗೆ ಬರತ್ತೆ. ಎಸ್‌ಎಸ್‌ಡಿ ಬೇರೆ ಇದೆ. ದೊಡ್ಡ ಯುಎಸ್‌ಬಿ ಒಂದಿದೆ, ಕಾರ್ಡ್ ಸಿಕ್ಕಿಸೋ ಜಾಗ ಇದೆ, ಹಬ್ ಬೇಡ. ಮೈ ಗಟ್ಟಿ, ಆ ದಪ್ಪ ಕವರೂ ಬೇಡ. ನಾಳೆ ಅಂಗಡಿಗೆ ಹೋಗಿ ಕೂತು ಒಂದು ಪುಟ ಕನ್ನಡ ಹೊಡಿ. ಬೆರಳು ನೋಯದಿದ್ದರೆ ತಗೋ. ಉಳಿದ 34,000ದಲ್ಲಿ ಒಂದು ಹೊರಗಿನ ಡಿಸ್ಕ್ ಕೊಂಡು ವಾರಕ್ಕೊಮ್ಮೆ ಎಲ್ಲ ಮಾತುಗಳ ನಕಲು ತೆಗೆದಿಡು.

ಮಗಳು: ಇನ್ನೂರೈವತ್ತು ಗ್ರಾಂ ಹೆಚ್ಚಾಯಿತಲ್ಲ ಚಿಕ್ಕಪ್ಪ.

ಚಿಕ್ಕಪ್ಪ: ಕೂಡಿ ನೋಡು. 1,150ಕ್ಕೆ ಚಾರ್ಜರ್ 285.

ಮಗಳು: 1,435. ಇದಕ್ಕಿಂತ 39 ಗ್ರಾಂ ಕಡಿಮೆ.